ಕೆರೆಯ ಅಹವಾಲಿಗೂ ಮೊದಲು ಮತದ ಅಹವಾಲು

ರಾಜ್ಯದ ಕೆರೆ ಸಮಿತಿಗಳು, ಮರ ಉಳಿಸುವ ಬಳಗಗಳು, ಪಶ್ಚಿಮಘಟ್ಟದ ಹೋರಾಟ ಸಮಿತಿಗಳು ಮತ್ತು ಎಲ್ಲ ಪರಿಸರ ಸಂಘಟನೆಗಳ ಗೆಳೆಯರಿಗೆ,

ಹೊಸ ವರ್ಷದ ಮೊದಲ ಅಧಿವೇಶನಕ್ಕೆ ವಿಧಾನಮಂಡಲ ಸೇರುವ ಹೊತ್ತಿಗೆ ನಿಮ್ಮ ಬೇಡಿಕೆಗಳ ಪಟ್ಟಿ ಸಿದ್ಧವಾಗಿರುತ್ತದೆ. ಕೆರೆಯಂಚಿನ ಮೀಸಲು ಜಾಗ, ಬೆಂಗಳೂರಿನ ಸುರಂಗ ರಸ್ತೆ, ಶರಾವತಿ ಕಣಿವೆಯ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆ, ರಸ್ತೆ ಅಗಲೀಕರಣಕ್ಕೆ ಉರುಳಲಿರುವ ಮರಗಳು. ಇವುಗಳಲ್ಲಿ ಕೈಬಿಡಬಹುದಾದದ್ದು ಒಂದೂ ಇಲ್ಲ. ಆದರೆ ಪರಿಸರದವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣಿಸದ ಒಂದು ಬೇಡಿಕೆ ಈ ಸಲ ಎಲ್ಲಕ್ಕಿಂತ ಮೇಲಿರಬೇಕು ಎಂದು ಕೇಳಿಕೊಳ್ಳಲು ಈ ಪತ್ರ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ, ನಗರ ಪಾಲಿಕೆಗಳ ಚುನಾವಣೆಯನ್ನು ಯಾವ ಸರ್ಕಾರವೂ ತನಗೆ ಬೇಕಾದಷ್ಟು ಕಾಲ ಮುಂದೂಡಲಾಗದಂತೆ ಕಾನೂನು ತಿದ್ದಬೇಕು. ಇದು ರಾಜಕೀಯ ಪಕ್ಷಗಳ ತಲೆನೋವು, ನಮಗೇಕೆ ಎಂದು ನಿಮ್ಮಲ್ಲಿ ಹಲವರಿಗೆ ಅನಿಸುತ್ತದೆ. ನಿಮ್ಮ ಪಟ್ಟಿಯಲ್ಲಿರುವ ಉಳಿದ ಬೇಡಿಕೆಗಳು ವರ್ಷ ವರ್ಷವೂ ಅಲ್ಲಲ್ಲೇ ಉಳಿಯಲು ಇದೇ ಮುಖ್ಯ ಕಾರಣ ಎಂಬುದು ನನ್ನ ವಾದ.

ಮೊದಲು ಪರಿಸ್ಥಿತಿ ನೋಡೋಣ. ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಸಲ ಮತದಾನ ನಡೆದದ್ದು 2016ರ ಫೆಬ್ರುವರಿಯಲ್ಲಿ. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ. ಆ ಕೌನ್ಸಿಲ್ 2020ರ ಸೆಪ್ಟೆಂಬರ್ 10ಕ್ಕೆ ಕೊನೆಗೊಂಡಿತು. 2025 ಮುಗಿಯುವಾಗಲೂ ಎರಡೂ ಕಡೆ ಆಡಳಿತಾಧಿಕಾರಿಗಳದ್ದೇ ಕಾರುಬಾರು. 2016ರಲ್ಲಿ 17 ವರ್ಷದವಳಾಗಿದ್ದ ಹಳ್ಳಿಯ ಹುಡುಗಿಗೆ ಈಗ 27. ಅವಳು ಲೋಕಸಭೆಗೆ, ವಿಧಾನಸಭೆಗೆ, ಗ್ರಾಮ ಪಂಚಾಯಿತಿಗೆ ಮತ ಹಾಕಿರಬಹುದು; ತನ್ನ ತಾಲ್ಲೂಕಿನ, ಜಿಲ್ಲೆಯ ಪಂಚಾಯಿತಿಗೆ ಒಮ್ಮೆಯೂ ಹಾಕಿಲ್ಲ. ಆಳಂದ ಕ್ಷೇತ್ರದಲ್ಲಿ 2023ರ ಚುನಾವಣೆಗೆ ಮುನ್ನ ಮತದಾರರ ಪಟ್ಟಿಯಿಂದ ಹೆಸರು ತೆಗೆಸಲು ಬಂದ 6,018 ಅರ್ಜಿಗಳ ಪೈಕಿ ಸರಿಯಾದವು 24 ಮಾತ್ರ ಎಂಬುದು ಬಯಲಾದಾಗ ರಾಜ್ಯವೇ ಬೆಚ್ಚಿತು, ಬೆಚ್ಚಬೇಕಾದದ್ದೇ. ಪಂಚಾಯಿತಿ, ಪಾಲಿಕೆಗಳ ವಿಷಯದಲ್ಲಿ ಯಾವ ಅರ್ಜಿಯೂ ಬಂದಿಲ್ಲ, ಪಟ್ಟಿಯಿಂದ ಒಂದು ಹೆಸರೂ ಅಳಿಸಿಲ್ಲ. ಮತಪೆಟ್ಟಿಗೆಯನ್ನೇ ಒಳಗಿಟ್ಟು ಬೀಗ ಹಾಕಲಾಗಿದೆ. ಅದಕ್ಕೆ ಯಾರೂ ಬೆಚ್ಚಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಸ್ಥಳೀಯ ಚುನಾವಣೆಗಳಲ್ಲಿ ಯಂತ್ರದ ಬದಲು ಮತಪತ್ರ ಬಳಸಬೇಕೆಂದು ಶಿಫಾರಸು ಮಾಡಿದ್ದು ನೆನಪಿರಬಹುದು. ಮದುವೆಯ ದಿನವೇ ಗೊತ್ತಿಲ್ಲದ ಮನೆಯಲ್ಲಿ ಊಟ ಎಲೆಯಲ್ಲೋ ತಟ್ಟೆಯಲ್ಲೋ ಎಂಬ ಚರ್ಚೆ ಜೋರಾಗಿ ನಡೆಯಿತು.

ಇದಕ್ಕೂ ಕೆರೆಗೂ ಏನು ಸಂಬಂಧ? ಸಂವಿಧಾನದ ಹನ್ನೊಂದನೇ ಅನುಸೂಚಿ ತೆಗೆದು ನೋಡಿ. ಸಣ್ಣ ನೀರಾವರಿ, ಜಲಾನಯನ, ಸಾಮಾಜಿಕ ಅರಣ್ಯ, ಕಿರು ಅರಣ್ಯ ಉತ್ಪನ್ನ, ಕುಡಿಯುವ ನೀರು ಎಲ್ಲವೂ ಪಂಚಾಯಿತಿಗಳ ಪಾಲಿನಲ್ಲಿವೆ. ಹನ್ನೆರಡನೇ ಅನುಸೂಚಿಯಲ್ಲಿ ನಗರ ಅರಣ್ಯ ಮತ್ತು ಪರಿಸರ ರಕ್ಷಣೆ ನಗರಸಭೆಗಳ ಪಾಲಿನಲ್ಲಿದೆ. ಜಿಲ್ಲಾ ಯೋಜನಾ ಸಮಿತಿ ನೀರು ಮತ್ತಿತರ ನೈಸರ್ಗಿಕ ಸಂಪತ್ತಿನ ಹಂಚಿಕೆಯನ್ನೂ ಪರಿಸರ ಸಂರಕ್ಷಣೆಯನ್ನೂ ಗಮನದಲ್ಲಿಟ್ಟು ಯೋಜನೆ ಮಾಡಬೇಕು ಎಂದು ಸಂವಿಧಾನವೇ ಹೇಳುತ್ತದೆ. ಆ ಸಮಿತಿಯ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ನಗರ ಸಂಸ್ಥೆಗಳ ಚುನಾಯಿತರಿಂದ, ಚುನಾಯಿತರ ನಡುವಿನಿಂದಲೇ ಬರಬೇಕು. ಚುನಾಯಿತರೇ ಇಲ್ಲದಿದ್ದರೆ ಸಮಿತಿಗೆ ಬರುವವರು ಯಾರು? ನಮ್ಮ ರಾಜ್ಯದ ವ್ಯವಸ್ಥೆಯಲ್ಲಿ 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ ಸೇರುವುದಿಲ್ಲ, ಜಿಲ್ಲಾ ಪಂಚಾಯಿತಿಯ ವ್ಯಾಪ್ತಿಗೆ ಸೇರುತ್ತವೆ. ರಾಜ್ಯದ 36,000ಕ್ಕೂ ಹೆಚ್ಚು ಕೆರೆಗಳಲ್ಲಿ ಹೆಚ್ಚಿನವು ಈ ಸಣ್ಣ ಕೆರೆಗಳೇ. ಅಂದರೆ ಕರ್ನಾಟಕದ ಬಹುಪಾಲು ಕೆರೆಗಳ ಯಜಮಾನಿಕೆ ಇರುವ ಮನೆ 2021ರಿಂದ ಖಾಲಿ ಬಿದ್ದಿದೆ. ಹಳ್ಳಿ ಹಳ್ಳಿಗೆ ಬೋರ್‌ವೆಲ್ ತಲುಪಿಸಿ ನೀರ್ ಸಾಬ್ ಎನಿಸಿಕೊಂಡ ಅಬ್ದುಲ್ ನಜೀರ್ ಸಾಬರೇ 1983ರ ಕಾಯ್ದೆಯ ಮೂಲಕ ಜಿಲ್ಲೆಗೆ ಅಧಿಕಾರ ಇಳಿಸಲು ಹೊರಟದ್ದನ್ನು ಕಾಕತಾಳೀಯವೆಂದು ನಾನು ಎಣಿಸುವುದಿಲ್ಲ. ನೀರಿನ ಕೆಲಸ ಮಾಡಿದವರಿಗೆ ಅದು ಬೆಂಗಳೂರಿನ ಕಡತದಿಂದ ನಡೆಯುವ ಕೆಲಸವಲ್ಲ ಎಂದು ಬೇಗ ಗೊತ್ತಾಗುತ್ತದೆ.

ಆ ಮನೆ ಖಾಲಿ ಇದ್ದಾಗ ಏನಾಯಿತು ಎಂಬುದಕ್ಕೆ 2025ರ ಆಗಸ್ಟಿಗಿಂತ ಸ್ಪಷ್ಟವಾದ ಉದಾಹರಣೆ ಬೇಡ. ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಗೆ ತಿದ್ದುಪಡಿ ತರುವ ಮಸೂದೆಯನ್ನು ಎರಡೂ ಸದನಗಳು ಅಂಗೀಕರಿಸಿದವು. ಎಲ್ಲ ಕೆರೆಗಳಿಗೂ ಒಂದೇ ಸಮ 30 ಮೀಟರ್ ಇದ್ದ ಮೀಸಲು ಅಂಚನ್ನು ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಇಳಿಸುವುದು ಅದರ ತಿರುಳು. 100 ಎಕರೆ ಮೀರಿದ ಕೆರೆಗೆ 30 ಮೀಟರ್ ಹಾಗೇ ಉಳಿಯುತ್ತದೆ. ಒಂದರಿಂದ ಹತ್ತು ಎಕರೆಯ ಕೆರೆಗೆ ಸಿಗುವುದು 6 ಮೀಟರ್. ಆರು ಮೀಟರ್ ಅಂದರೆ ಸುಮಾರು 20 ಅಡಿ, ಬೆಂಗಳೂರಿನ 20-30 ಸೈಟಿನ ಅಗಲ. ಮೂರೆಕರೆಯ ಒಂದು ಹಳ್ಳಿ ಕೆರೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದು ಬದಿಗೆ ಮಣ್ಣಿನ ಏರಿ, ಅದರ ಕೆಳಗೆ ತೂಬು, ಮೂಲೆಯಲ್ಲಿ ಕೋಡಿ. ಎದುರು ಬದಿಗೆ ಮಳೆನೀರು ತರುವ ಕಾಲುವೆಯ ಬಾಯಿ, ಹೂಳು ನಿಲ್ಲುವ ತಗ್ಗು, ದನ ಇಳಿಯುವ ಇಳಿಜಾರು. ದೊಡ್ಡ ಮಳೆಗೆ ನೀರು ಅಗಲಿಸಿಕೊಳ್ಳುವುದು ಈ ಎದುರು ಬದಿಯಲ್ಲೇ. ಅಲ್ಲಿ 20 ಅಡಿ ಬಿಟ್ಟು ಕಾಂಪೌಂಡು ಎದ್ದರೆ ಆಶ್ವಯುಜದ ಒಂದು ಜೋರು ಮಳೆ ಸಾಕು: ನೀರು ಕಾಂಪೌಂಡಿನೊಳಗೆ, ದೂರು ಕೆರೆಯ ಮೇಲೆ. ಸಣ್ಣ ಕೆರೆಗೆ ಸಣ್ಣ ಅಂಚು ಸಾಕು ಎಂಬ ಲೆಕ್ಕ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಕೆರೆ ಸಣ್ಣದಾದಷ್ಟೂ ಅಂಚಿನ ಒತ್ತುವರಿ ಅದನ್ನು ಬೇಗ ತಿಂದು ಮುಗಿಸುತ್ತದೆ ಎಂಬುದು ಹೊಲದಲ್ಲಿ ನಿಂತವರಿಗಷ್ಟೇ ಕಾಣುವ ಲೆಕ್ಕ. ಆ ಮಸೂದೆಯ ಮುಂದಿನ ಗತಿ ಏನೇ ಇರಲಿ, ನನ್ನ ಪ್ರಶ್ನೆ ಅದು ಹುಟ್ಟಿದ ಬಗೆಯ ಬಗ್ಗೆ. ಸಣ್ಣ ಕೆರೆಗಳ ಹಣೆಬರಹ ಬರೆಯುವಾಗ ಅವುಗಳ ಯಜಮಾನಿಕೆ ಇದ್ದ ಜಿಲ್ಲಾ ಪಂಚಾಯಿತಿಗಳಲ್ಲಿ ಒಬ್ಬ ಚುನಾಯಿತ ಸದಸ್ಯನೂ ಇರಲಿಲ್ಲ. ಒಂದು ಜಿಲ್ಲಾ ಪಂಚಾಯಿತಿಯೂ ವಿರೋಧದ ಠರಾವು ಮಾಡುವಂತಿರಲಿಲ್ಲ, ಪರವಾಗಿ ಮಾಡುವಂತೆಯೂ ಇರಲಿಲ್ಲ. ಶಾಸಕರಿದ್ದಾರಲ್ಲ ಎನ್ನಬಹುದು. ವರ್ತೂರು ಕೆರೆ ಇರುವ ಮಹದೇವಪುರದಂಥ ಕ್ಷೇತ್ರದಲ್ಲಿ 5 ಲಕ್ಷಕ್ಕೂ ಹೆಚ್ಚು ಮತದಾರರಿದ್ದಾರೆ. ಅಷ್ಟು ಜನರ ಪ್ರತಿನಿಧಿಗೆ ಮೂರೆಕರೆಯ ಕುಂಟೆಯೊಂದರ ಕೋಡಿ ಯಾವ ಕಡೆ ಹರಿಯುತ್ತದೆ ಎಂಬುದು ನೆನಪಿರಬೇಕೆಂದು ನಿರೀಕ್ಷಿಸುವುದು ಅನ್ಯಾಯ.

ಬೆಂಗಳೂರಿನ ಕಥೆ ಇನ್ನೂ ಉದ್ದ. 2020ರ ಡಿಸೆಂಬರಿನಲ್ಲಿ ಹೈಕೋರ್ಟ್ 198 ವಾರ್ಡುಗಳಿಗೇ ಚುನಾವಣೆ ನಡೆಸಿ ಎಂದಿತು, ಸುಪ್ರೀಂ ಕೋರ್ಟ್ ತಡೆಯಿತು. ಅಷ್ಟರಲ್ಲಿ ಹೊಸ ಕಾಯ್ದೆಯಿಂದ ವಾರ್ಡುಗಳು 243 ಆದವು. ಸರ್ಕಾರ ಬದಲಾದ ಮೇಲೆ 225 ಆದವು. ಆಮೇಲೆ ಗ್ರೇಟರ್ ಬೆಂಗಳೂರು ಕಾಯ್ದೆ ಬಂದು ಪಾಲಿಕೆಯೇ ಐದಾಗಿ ಒಡೆದು, ವಾರ್ಡುಗಳು 369ಕ್ಕೆ ಏರಿದವು. ಪ್ರತಿ ಸಲವೂ ಗಡಿರೇಖೆ, ಆಕ್ಷೇಪಣೆ, ಮೀಸಲಾತಿ, ಮೊಕದ್ದಮೆ. ಇದೇ ಅವಧಿಯಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆಯ ತೀರ್ಮಾನವಾಯಿತು. ಅಂದಾಜು ವೆಚ್ಚ 17,000 ಕೋಟಿ ರೂಪಾಯಿಗೂ ಮೇಲೆ. ಲಾಲ್‌ಬಾಗಿನ ಅಂಚಿಗೇ ಅದರ ಬಾಯಿ ತೆರೆಯುವ ಯೋಜನೆ ಹೊರಬಂದಾಗ ನೀವು ಬೀದಿಗಿಳಿದಿರಿ. ಯೋಜನೆ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಬದಿಗಿರಲಿ. ನಗರದ ಇತಿಹಾಸದಲ್ಲೇ ದೊಡ್ಡ ವೆಚ್ಚಗಳಲ್ಲೊಂದರ ಬಗ್ಗೆ ನಗರದ ಚುನಾಯಿತ ಕೌನ್ಸಿಲಿನಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಾಗಲಿಲ್ಲ, ಕೌನ್ಸಿಲೇ ಇರಲಿಲ್ಲ. ಇದು ಒಂದು ಪಕ್ಷದ ಪಾಪವೂ ಅಲ್ಲ. 2006ರ ನವೆಂಬರಿನಿಂದ 2010ರ ಏಪ್ರಿಲ್‌ವರೆಗೂ ಬೆಂಗಳೂರಿಗೆ ಕೌನ್ಸಿಲ್ ಇರಲಿಲ್ಲ. ಆ ಖಾಲಿಯನ್ನೂ ಈಗಿನ ಖಾಲಿಯನ್ನೂ ಸೇರಿಸಿ ನೋಡಿದರೆ ರಾಜ್ಯದ ಮೂರೂ ಪ್ರಮುಖ ಪಕ್ಷಗಳು ಒಂದಲ್ಲ ಒಂದು ಹೊತ್ತಿನಲ್ಲಿ ಅಧಿಕಾರದಲ್ಲಿದ್ದವು.

ನಮಗೆ ನ್ಯಾಯಾಲಯವಿದೆ, ಹಸಿರು ನ್ಯಾಯಮಂಡಳಿಯಿದೆ, ಕಾರ್ಪೊರೇಟರ್ ಏಕೆ ಬೇಕು ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ನ್ಯಾಯಾಲಯದಿಂದ ಸಿಕ್ಕಿದ್ದನ್ನು ನಾನು ಹಗುರ ಮಾಡುವುದಿಲ್ಲ. 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದು ಸೇನೆಯ ಯೋಧರು ನಂದಿಸಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಹಸಿರು ನ್ಯಾಯಮಂಡಳಿ ರಾಜ್ಯಕ್ಕೆ 50 ಕೋಟಿ, ಪಾಲಿಕೆಗೆ 25 ಕೋಟಿ ದಂಡ ಹಾಕಿ, ಕೆರೆಗಾಗಿ 500 ಕೋಟಿ ತೆಗೆದಿಡಿ ಎಂದಿತು. ಆದರೆ ಅದೇ ಮಂಡಳಿ 2016ರಲ್ಲಿ ಬೆಂಗಳೂರಿನ ಕೆರೆಗಳಿಗೆ 75 ಮೀಟರ್ ಅಂಚು ಕೊಟ್ಟಿತ್ತು, 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಹೋರಾಟಗಾರರು ವರ್ಷಗಟ್ಟಲೆ ಓಡಾಡಿ ಪಡೆದ 75 ಮೀಟರ್ 30ಕ್ಕೆ ಮರಳಿತು, ಈಗ 6ರ ಮಾತು ನಡೆದಿದೆ. ಬೀದಿ ಹೋರಾಟದ ಫಲಕ್ಕೂ ಇದೇ ಗತಿ. 2016ರ ಅಕ್ಟೋಬರಿನಲ್ಲಿ ಸಾವಿರಾರು ಜನ ಕೈ ಕೈ ಹಿಡಿದು ನಿಂತು ಹೆಬ್ಬಾಳದ ಉಕ್ಕಿನ ಸೇತುವೆ ಬೇಡವೆಂದರು. 2017ರ ಮಾರ್ಚಿನಲ್ಲಿ ಸರ್ಕಾರ ಕೈಬಿಟ್ಟಿತು. ಎಂಟು ವರ್ಷ ಕಳೆಯುವುದರೊಳಗೆ ಅದೇ ಹೆಬ್ಬಾಳದಿಂದ ನೆಲದಡಿಯ ರಸ್ತೆ ಹೊರಟಿತು. ಪ್ರತಿಭಟನೆಗೆ ಯೋಜನೆಯನ್ನು ನಿಲ್ಲಿಸುವ ಬಲವಿದೆ; ಐದೈದು ವರ್ಷಕ್ಕೊಮ್ಮೆ ಅದೇ ಜನ ಎದುರು ಬಂದು ಲೆಕ್ಕ ಕೇಳುತ್ತಾರೆಂಬ ಅಂಜಿಕೆ ಇಲ್ಲದಿದ್ದರೆ ಅದು ನಿಂತೇ ಇರುತ್ತದೆಂಬ ಭರವಸೆ ಇಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ಕೆರೆ ನುಂಗಿದವರೇ ಸ್ಥಳೀಯ ಪುಢಾರಿಗಳು, ಅವರನ್ನು ಮತ್ತೆ ಕೂರಿಸಿ ಏನು ಪ್ರಯೋಜನ? ಬೆಳ್ಳಂದೂರು ಉರಿದಾಗ ಚುನಾಯಿತ ಕೌನ್ಸಿಲ್ ಇತ್ತಲ್ಲ? ಇತ್ತು, ನಿಜ. ಆಗ ಆ ಕೆರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ವಶದಲ್ಲಿತ್ತು. ಕೊಳಚೆ ನೀರಿನ ಹೊಣೆ ಜಲಮಂಡಳಿಯದು. ಎರಡೂ ಕೌನ್ಸಿಲಿಗೆ ಉತ್ತರ ಕೊಡಬೇಕಾದ ಸಂಸ್ಥೆಗಳಲ್ಲ. ಒತ್ತುವರಿಯ ಬಗ್ಗೆ ವಿಧಾನಮಂಡಲವೇ ನೇಮಿಸಿದ ಕೆ.ಬಿ. ಕೋಳಿವಾಡ ಅವರ ಸದನ ಸಮಿತಿ 2017ರಲ್ಲಿ ಕೊಟ್ಟ ವರದಿ ನೋಡಿ: ಬೆಂಗಳೂರು ನಗರ, ಗ್ರಾಮಾಂತರ ಜಿಲ್ಲೆಗಳ ಸುಮಾರು 1,500 ಕೆರೆಗಳಲ್ಲಿ 10,000 ಎಕರೆಗೂ ಹೆಚ್ಚು ಒತ್ತುವರಿ. ಒತ್ತಿದವರಲ್ಲಿ ಖಾಸಗಿಯವರ ಜೊತೆಗೆ ಸರ್ಕಾರದ ಸಂಸ್ಥೆಗಳೂ ಇದ್ದವು. ಧರ್ಮಾಂಬುಧಿ ಕೆರೆಯ ಮೇಲೆ ಬಸ್ ನಿಲ್ದಾಣ, ಸಂಪಂಗಿ ಕೆರೆಯ ಮೇಲೆ ಕ್ರೀಡಾಂಗಣ ಕಟ್ಟಿದ್ದು ಭೂಗಳ್ಳರಲ್ಲ. ಕೌನ್ಸಿಲರುಗಳು ಸಾಚಾ ಎಂದು ನಾನು ವಾದಿಸುತ್ತಿಲ್ಲ, ಅಂಥ ವಾದಕ್ಕೆ ನಗುವವರೇ ಹೆಚ್ಚು. ಕೆಟ್ಟ ಕೌನ್ಸಿಲರನ್ನು ಸೋಲಿಸುವ ದಿನವೊಂದು ಕ್ಯಾಲೆಂಡರಿನಲ್ಲಿ ಇರುತ್ತದೆ. ಕೆಟ್ಟ ಆಡಳಿತಾಧಿಕಾರಿ ವರ್ಗವಾಗಿ ಹೋಗುತ್ತಾನೆ, ಅವನ ಸಹಿ ಮಾತ್ರ ಕಡತದಲ್ಲಿ ಉಳಿಯುತ್ತದೆ. ಹೌದು, ಚುನಾವಣೆ ಒಂದೇ ಸಾಲದು. ಮುಖ್ಯಮಂತ್ರಿಯೇ ಅಧ್ಯಕ್ಷರಾಗಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಕೈಕಟ್ಟಿ ಕೂರುವುದಾದರೆ 369 ಸದಸ್ಯರಿದ್ದೂ ಕೆರೆ ಅನಾಥವೇ. ಆ ಅಧಿಕಾರಕ್ಕಾಗಿ ಜಗಳವಾಡಲು ಕೂಡ ಮೊದಲು ಸದಸ್ಯರು ಬೇಕು.

ನನ್ನನ್ನು ನಿಜಕ್ಕೂ ಕಾಡುವ ಆಕ್ಷೇಪ ಮಲೆನಾಡಿನದು. ಪಶ್ಚಿಮಘಟ್ಟದ ಕುರಿತ ಕಸ್ತೂರಿರಂಗನ್ ವರದಿ ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಗುರುತಿಸಿತು. ಅದಕ್ಕೆ ಅತಿ ಜೋರಿನ ವಿರೋಧ ಬಂದದ್ದು ಗ್ರಾಮ ಪಂಚಾಯಿತಿಗಳಿಂದಲೇ, ಊರೂರಿನ ಚುನಾಯಿತರಿಂದಲೇ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ವರದಿಯನ್ನು ತಿರಸ್ಕರಿಸಿತು. ಹಾಗಾದರೆ ಜನರ ಕೈಗೆ ಮತ ಕೊಟ್ಟರೆ ಕಾಡು ಹೋಗುತ್ತದೆಯೇ? ಇಲ್ಲಿ ಕ್ರಮ ನೋಡಬೇಕು. ಅದಕ್ಕೂ ಮುಂಚಿನ ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ಹೇಳಿದ್ದು, ಸೂಕ್ಷ್ಮ ವಲಯಗಳ ಗಡಿಯನ್ನು ಗ್ರಾಮಸಭೆಗಳ ಜೊತೆ ಕೂತು ಅಂತಿಮಗೊಳಿಸಿ ಎಂದು. ಆ ವರದಿಯನ್ನು ಕೇಂದ್ರ ಸರ್ಕಾರ ತಿಂಗಳುಗಟ್ಟಲೆ ಹೊರಗೆ ಬಿಡಲಿಲ್ಲ, ಮಾಹಿತಿ ಆಯೋಗ ಹೇಳಿದ ಮೇಲೆ ಬಿಟ್ಟಿತು. ಕೊನೆಗೆ ಹಳ್ಳಿಗೆ ತಲುಪಿದ್ದು ಕಸ್ತೂರಿರಂಗನ್ ವರದಿಯವರು ಉಪಗ್ರಹ ಚಿತ್ರದಿಂದ ಬಿಡಿಸಿದ ನಕ್ಷೆ, ತಮ್ಮ ಊರಿನ ಹೆಸರಿರುವ ಪಟ್ಟಿ, ಮತ್ತು ಒಕ್ಕಲೆಬ್ಬಿಸುತ್ತಾರೆ ಎಂಬ ಗುಲ್ಲು. ಕೇಳದೆ ಬರೆದ ಪಟ್ಟಿಗೆ ಜನ ಬೇಡವೆಂದರು. ಕೇಳಿ ಬರೆದಿದ್ದರೆ ಎಲ್ಲರೂ ಬೇಕೆನ್ನುತ್ತಿದ್ದರೆಂದು ನಾನು ಆಣೆ ಮಾಡಲಾರೆ. ಕೆಲವು ಕಡೆ ಖಂಡಿತ ಬೇಡವೆನ್ನುತ್ತಿದ್ದರು, ಅಲ್ಲಿ ನಾವು ಮತ್ತೆ ಹೋಗಿ ವಾದಿಸಬೇಕಾಗುತ್ತಿತ್ತು. ಪಕ್ಕದ ಕೇರಳದ ಪೆರುಮಟ್ಟಿ ಗ್ರಾಮ ಪಂಚಾಯಿತಿಯ ಉದಾಹರಣೆ ಈ ದೃಷ್ಟಿಯಿಂದ ಬೆಲೆಯುಳ್ಳದ್ದು. ಪ್ಲಾಚಿಮಡದ ಕೋಕಾ-ಕೋಲಾ ಕಾರ್ಖಾನೆಗೆ 2000ದಲ್ಲಿ ಪರವಾನಗಿ ಕೊಟ್ಟದ್ದು ಅದೇ ಪಂಚಾಯಿತಿ. ಬಾವಿಗಳು ಕೆಟ್ಟವು, ಆದಿವಾಸಿ ಹೆಂಗಸರು ಕಾರ್ಖಾನೆಯ ಮುಂದೆ ಕೂತರು, 2003ರಲ್ಲಿ ಅದೇ ಪಂಚಾಯಿತಿ ಪರವಾನಗಿ ನವೀಕರಿಸಲು ಒಪ್ಪಲಿಲ್ಲ. 2004ರ ಮಾರ್ಚಿನಲ್ಲಿ ಕಾರ್ಖಾನೆ ನಿಂತಿತು. ಚುನಾಯಿತ ಸಂಸ್ಥೆ ಮೊದಲೇ ಸರಿಯಿತ್ತೆಂದು ಅಲ್ಲಿ ಗೆದ್ದದ್ದಲ್ಲ, ಅದನ್ನು ಅಲ್ಲಾಡಿಸಿ ಮನಸ್ಸು ಬದಲಿಸಲು ಜನರಿಗೆ ಸಾಧ್ಯವಿತ್ತು. ಶರಾವತಿಯ ಸಿಂಗಳೀಕಗಳ ಕಾಡಿನ ಪ್ರಶ್ನೆಗೆ ಸಾರ್ವಜನಿಕ ಅಹವಾಲು ಸಭೆ ನಡೆದರೆ ಅಧಿಕಾರಿಯೊಬ್ಬರು ಟಿಪ್ಪಣಿ ಬರೆದುಕೊಂಡು ಹೋಗುತ್ತಾರೆ. ಆ ಟಿಪ್ಪಣಿಯನ್ನು ಅಲ್ಲಾಡಿಸಲು ನಿಮ್ಮ ಬಳಿ ಹಿಡಿಯಿಲ್ಲ.

ಪಕ್ಷ ರಾಜಕಾರಣಕ್ಕೆ ಸಿಕ್ಕಿಬೀಳುತ್ತೇವೆ ಎಂಬ ಅಳುಕಿಗೆ ಹೆಚ್ಚು ಹೇಳುವುದಿಲ್ಲ. ಚುನಾವಣೆ ನಡೆಯಲಿ ಎನ್ನುವುದು ಯಾವ ಪಕ್ಷದ ಪ್ರಣಾಳಿಕೆಯೂ ಅಲ್ಲವೆಂದು ಮೇಲಿನ ಕಥೆಯೇ ತೋರಿಸುತ್ತದೆ. ಬೆಂಗಳೂರಿನ ಚುನಾವಣೆಗೆ ಸಿದ್ಧತೆ ನಡೆದಿದೆಯಲ್ಲ, ಕಾದರಾಯಿತು ಎನ್ನುವವರೂ ಇದ್ದೀರಿ. ಈ ಸಲದ್ದು ನಡೆದೇಬಿಟ್ಟಿತು ಎಂದುಕೊಳ್ಳೋಣ. ಬೀಗ ಹಾಕುವ ಕೀಲಿಕೈ ಸರ್ಕಾರದ ಜೇಬಿನಲ್ಲೇ ಉಳಿದಿರುತ್ತದೆ, ಐದು ವರ್ಷದ ನಂತರ ಇದೇ ಪತ್ರ ಬರೆಯಬೇಕಾಗುತ್ತದೆ. 2020ರ ಡಿಸೆಂಬರಿನಲ್ಲಿ ಚುನಾವಣೆ ಕಂಡ ಗ್ರಾಮ ಪಂಚಾಯಿತಿಗಳ ಅವಧಿಯೂ ಈಗ ತುದಿ ಮುಟ್ಟಿದೆ.

ಆ ಕೀಲಿಕೈ ಎಲ್ಲಿದೆ ಎಂಬುದು ಗುಟ್ಟಲ್ಲ. 2021ರಲ್ಲಿ ರಾಜ್ಯ ಚುನಾವಣಾ ಆಯೋಗ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಕ್ಷೇತ್ರ ವಿಂಗಡಣೆ ಮುಗಿಸಿ ಮೀಸಲಾತಿಯ ಕರಡನ್ನೂ ಹೊರಡಿಸಿತ್ತು. ಅದೇ ಸೆಪ್ಟೆಂಬರಿನಲ್ಲಿ ವಿಧಾನಮಂಡಲ ಕಾಯ್ದೆ ತಿದ್ದಿ ವಿಂಗಡಣೆಯ ಅಧಿಕಾರವನ್ನು ಚುನಾವಣಾ ಆಯೋಗದಿಂದ ಕಿತ್ತು ಬೇರೊಂದು ಆಯೋಗಕ್ಕೆ ಕೊಟ್ಟಿತು. ಮುಗಿದ ಕೆಲಸ ಮೊದಲಿನಿಂದ ಶುರುವಾಯಿತು. 2022ರ ಡಿಸೆಂಬರಿನಲ್ಲಿ ಹೈಕೋರ್ಟ್ ವಿಳಂಬಕ್ಕಾಗಿ ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕಿದರೂ ಪ್ರಯೋಜನವಾಗಲಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಯಬೇಕೆಂದು ಸಂವಿಧಾನ ಹೇಳುತ್ತದೆ. ಕ್ಷೇತ್ರ ವಿಂಗಡಣೆಯ ನೆಪದಲ್ಲಿ ಅದನ್ನು ತಡೆಯಬಾರದೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲೂ, 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲೂ ಹೇಳಿದೆ. ಹೇಳಿದ್ದನ್ನು ರಾಜ್ಯದ ಕಾಯ್ದೆಯೊಳಗೆ ಕೂರಿಸುವುದಷ್ಟೇ ಬಾಕಿ. ನೀವು ಕೇಳಬೇಕಾದ ತಿದ್ದುಪಡಿ ಚಿಕ್ಕದು. ವಿಂಗಡಣೆಯ ಅಧಿಕಾರ ಚುನಾವಣಾ ಆಯೋಗಕ್ಕೆ ಮರಳಲಿ. ಅವಧಿ ಮುಗಿಯಲು ಆರು ತಿಂಗಳಿರುವಾಗ ಹೊಸ ವಿಂಗಡಣೆ, ಮೀಸಲಾತಿ ಸಿದ್ಧವಿಲ್ಲದಿದ್ದರೆ ಹಳೆಯ ಕ್ಷೇತ್ರಗಳ ಮೇಲೆ, ಹಳೆಯ ಮೀಸಲಾತಿಯ ಆಧಾರದಲ್ಲಿ ಆಯೋಗ ತಾನಾಗಿ ದಿನಾಂಕ ಘೋಷಿಸಲಿ. ಆಡಳಿತಾಧಿಕಾರಿ ಇರುವ ಕಾಲದಲ್ಲಿ ಕೆರೆ, ರಾಜಕಾಲುವೆ, ಗೋಮಾಳ, ಉದ್ಯಾನದ ಜಮೀನಿನ ಬಳಕೆ ಬದಲಿಸುವ ಯಾವ ಆದೇಶವೂ ಮುಂದೆ ಬರುವ ಚುನಾಯಿತ ಸಭೆ ಒಪ್ಪದ ಹೊರತು ಜಾರಿಯಾಗದಿರಲಿ. ಹಿಂದುಳಿದ ವರ್ಗಗಳ ಮೀಸಲಾತಿಗೆ ಇದರಿಂದ ಧಕ್ಕೆ ಎಂಬ ಮಾತು ಬರುತ್ತದೆ, ಬರಲೇಬೇಕು. ಐದು ವರ್ಷ ಚುನಾವಣೆಯೇ ಇಲ್ಲದಿದ್ದರೆ ಹಿಂದುಳಿದವರಿಗೆ ಸಿಗುವ ಸ್ಥಾನಗಳ ಸಂಖ್ಯೆ ಸೊನ್ನೆ. ಸಮೀಕ್ಷೆ ಬೇಗ ಮುಗಿಸುವ ಒತ್ತಡ ಸರ್ಕಾರದ ಮೇಲೆ ಬೀಳಲಿ, ಮತದಾರನ ಮೇಲೆ ಬೀಳುವುದು ಬೇಡ.

ಎಲ್ಲಿಂದ ಶುರುಮಾಡುವುದು ಎಂದು ಕೇಳಿದರೆ ವಿಧಾನ ಪರಿಷತ್ತಿನಿಂದ ಎನ್ನುತ್ತೇನೆ. ಅದರ 75 ಸದಸ್ಯರಲ್ಲಿ 25 ಮಂದಿಯನ್ನು ಆರಿಸುವವರು ಸ್ಥಳೀಯ ಸಂಸ್ಥೆಗಳ ಸದಸ್ಯರು. 2021ರ ಡಿಸೆಂಬರಿನಲ್ಲಿ ಈ 25 ಸ್ಥಾನಗಳಿಗೆ ಚುನಾವಣೆ ನಡೆದಾಗ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರೂ ಬೆಂಗಳೂರಿನ ಕೌನ್ಸಿಲರುಗಳೂ ಮತದಾರರ ಪಟ್ಟಿಯಲ್ಲಿ ಇರಲಿಲ್ಲ. ಆಗ ಗೆದ್ದವರ ಅವಧಿ 2028ರ ಜನವರಿಗೆ ಮುಗಿಯುತ್ತದೆ. ಆ ಹೊತ್ತಿಗೆ ತಮಗೆ ಮತ ಹಾಕುವವರು ಯಾರು ಎಂಬ ಪ್ರಶ್ನೆ ಅವರನ್ನು ನಿಮಗಿಂತ ಮೊದಲೇ ಕಾಡಬೇಕು. ಈ 25 ಸದಸ್ಯರ ಪಟ್ಟಿ ತೆಗೆಯಿರಿ, ನಿಮ್ಮ ಜಿಲ್ಲೆಯವರನ್ನು ಅಧಿವೇಶನ ಶುರುವಾಗುವ ಮುನ್ನ ಭೇಟಿಯಾಗಿ, ಒಂದು ಖಾಸಗಿ ಮಸೂದೆಯ ಕರಡು ಕೈಗೆ ಕೊಡಿ. ಜೊತೆಗೆ ನಿಮ್ಮ ಜಿಲ್ಲೆಯಲ್ಲಿ ಹತ್ತು ಎಕರೆಯೊಳಗಿನ ಕೆರೆಗಳೆಷ್ಟು, 2021ರಿಂದ ಅವುಗಳ ಬಗ್ಗೆ ಆಡಳಿತಾಧಿಕಾರಿಗಳು ಹೊರಡಿಸಿದ ಆದೇಶಗಳೆಷ್ಟು ಎಂಬ ಚುಕ್ಕೆ ಗುರುತಿನ ಪ್ರಶ್ನೆಯನ್ನೂ ಬರೆದುಕೊಡಿ. ಉತ್ತರ ಸದನದ ಮೇಜಿನ ಮೇಲೆ ಬರಲಿ.

ಇತಿ,
ನಿಮ್ಮೊಳಗಿನವನೇ ಆದ ಒಬ್ಬ ಮತದಾರ